ಬೀಜದೊಳಗಿನ ಮಾತು, ಮಳೆಪುಸ್ತಕದ ಮಾತು

ಇದು ಮಾಹಿತಿಯ ಯುಗವೆಂಬ ಮಾತು ನಮ್ಮ ಕಿವಿಗೆ ಬೀಳತೊಡಗಿ ಬಹುಕಾಲವಾಯಿತು. ಆದರೆ ಮಾಹಿತಿಯಿಲ್ಲದ ಯುಗವೊಂದು ಮನುಷ್ಯನ ಬಾಳಿನಲ್ಲಿ ಎಂದಾದರೂ ಇತ್ತೇ? ಯಾವ ಗೆಡ್ಡೆ ವಿಷ, ಯಾವ ಹಣ್ಣು ಆಹಾರ, ಬೇಸಿಗೆಯಲ್ಲಿ ನೀರೆಲ್ಲಿ, ಹುಲಿ ಬರುವ ದಾರಿ ಯಾವುದು ಎಂಬುದನ್ನು ಒಬ್ಬನು ಕಂಡುಕೊಂಡು ಹತ್ತು ಮಂದಿಗೆ ತಿಳಿಸಿದುದರಿಂದಲೇ, ಕೋರೆಹಲ್ಲಾಗಲಿ ಪಂಜವಾಗಲಿ ಇಲ್ಲದ ಈ ಜೀವಿ ಉಳಿದು ಬೆಳೆಯಿತು. ಜಿಂಕೆಯ ಮರಿ ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ನಿಲ್ಲುತ್ತದೆ. ಮನುಷ್ಯನ ಮಗುವಾದರೋ ವರ್ಷಗಟ್ಟಲೆ ತಾಯಿಯ ಮಡಿಲಲ್ಲಿ, ಅಜ್ಜಿಯ ಮಗ್ಗುಲಲ್ಲಿ ಕುಳಿತು ಕಲಿಯಬೇಕು. ಹೀಗೆ ನಮಗೆ ದೊರೆತಿರುವ ಪಿತ್ರಾರ್ಜಿತವು ಎರಡು ಬಗೆಯದು: ಜೀವಕಣದಲ್ಲಿ ಬರೆದು ಬಂದುದು ಒಂದು, ನಾಲಗೆಯಿಂದಲೂ ಕೈಯಿಂದಲೂ ದಾಟಿ ಬಂದುದು ಮತ್ತೊಂದು. ಮೊದಲನೆಯದು ಸುಲಭವಾಗಿ ಅಳಿಯದು. ಎರಡನೆಯದು ಒಂದೇ ತಲೆಮಾರಿನಲ್ಲಿ ಅಳಿದುಹೋಗಬಲ್ಲದು. ನಮ್ಮ ಕಾಫಿ ಮಲೆಗಳಲ್ಲಿ ಅಂತಹ ಅಳಿವು ಮೊದಲಾಗಿದೆಯೆಂಬ ಆತಂಕದಿಂದ ಈ ವಾರ ನಾಲ್ಕು ಮಾತು ಬರೆಯುತ್ತಿದ್ದೇವೆ.

ಬಾಬಾ ಬುಡನ್ ಅವರು 17ನೆಯ ಶತಮಾನದಲ್ಲಿ ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ಮರೆಮಾಡಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವು ನಮ್ಮ ಮಕ್ಕಳಿಗೂ ಬಾಯಿಪಾಠ. ಮೊಳೆಯಬಲ್ಲ ಬೀಜವು ನಾಡಿನಾಚೆ ಹೋಗದಂತೆ ಅರಬರು ಕಾವಲಿದ್ದರಂತೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರು ಕಾಯುತ್ತಿದ್ದುದು ಬೀಜದೊಳಗಿನ ಮಾಹಿತಿಯನ್ನು. ಅಂತಹ ಮಾಹಿತಿಯು ತಲೆಮಾರಿನಿಂದ ತಲೆಮಾರಿಗೆ ಒಂದು ಲೆಕ್ಕಕ್ಕೆ ಅನುಸಾರವಾಗಿ ಇಳಿಯುವುದೆಂದು ತೋರಿಸಿಕೊಟ್ಟವರು ನಮ್ಮ ಶ್ರೀಸಭೆಯ ಸನ್ಯಾಸಿಯೊಬ್ಬರೇ. ಅಗಸ್ಟೀನಿಯನ್ ಸಭೆಯ ಗ್ರೆಗರ್ ಮೆಂಡೆಲ್ ಅವರು ಮಠದ ತೋಟದಲ್ಲಿ ಬಟಾಣಿ ಬೆಳೆಸಿ, ಎಣಿಸಿ, ಬರೆದ ಪ್ರಬಂಧವು 1866ರಲ್ಲಿ ಅಚ್ಚಾಯಿತು. ಅದರ ಬೆಲೆಯನ್ನು ಲೋಕವು ಅರಿತುದು 1900ರಲ್ಲಿ. ಮೆಂಡೆಲ್ ಅವರು 1884ರಲ್ಲಿಯೇ ತೀರಿಕೊಂಡಿದ್ದರು. ಅಚ್ಚಾದ ಮಾತ್ರಕ್ಕೆ ಮಾಹಿತಿಯು ಜನರನ್ನು ತಲುಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. (ವಿಕಾಸವೆಂಬ ಪದವನ್ನು ಕೇಳಿದೊಡನೆ ಮುಖ ಸಿಂಡರಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. 1996ರ ಅಕ್ಟೋಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಅದನ್ನು ಬರಿಯ ಊಹೆಗಿಂತ ಮಿಗಿಲಾದುದೆಂದು ಒಪ್ಪಿದುದನ್ನು ಅವರು ನೆನೆಯಲಿ.)

ಬೀಜದ ಮಾಹಿತಿಗೆ ಮನುಷ್ಯನ ಕಣ್ಣು ಜೊತೆಗೂಡಿದಾಗ ಏನಾಗುವುದೆಂಬುದನ್ನು ನಮ್ಮ ಮಲೆಗಳೇ ಕಂಡಿವೆ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಅಲ್ಲಿಯ ಕಾಫಿಯನ್ನು ನುಂಗಿ ಆ ದ್ವೀಪವನ್ನು ಚಹಾದ ನಾಡನ್ನಾಗಿ ಮಾಡಿತು. ನಮ್ಮ ತೋಟಗಳಿಗೂ ಅದು ಬಂತು. 1911ರಲ್ಲಿ ಕೆಂಟ್ ಎಂಬ ತೋಟಗಾರರು ಸುತ್ತಲಿನ ಗಿಡಗಳು ಎಲೆ ಉದುರಿಸಿ ನಿಂತಿದ್ದಾಗ ರೋಗವನ್ನು ತಾಳಿಕೊಂಡ ಗಿಡವನ್ನು ಗುರುತಿಸಿ ಅದರ ಬೀಜ ಉಳಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಸಂಶೋಧನಾ ಕೇಂದ್ರವು ಮುಂದೆ ಆ ಕೆಂಟ್ ತಳಿಯನ್ನೇ ಒಂದು ಕಡೆಯ ಹೆತ್ತವರನ್ನಾಗಿಟ್ಟುಕೊಂಡು ಎಸ್. 795 ತಳಿಯನ್ನು ರೂಪಿಸಿತು. ಅದು ಇಂದಿಗೂ ನಮ್ಮ ಎಷ್ಟೋ ಮನೆಗಳ ಅನ್ನ. ಒಬ್ಬ ಮನುಷ್ಯನು ಒಂದು ಗಿಡದ ಮುಂದೆ ನಿಂತು ನೋಡಿದನು, ನೋಡಿದುದನ್ನು ತನ್ನಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಷ್ಟೇ.

ನೋಡುವ ಈ ಕಣ್ಣು ವಿದ್ವಾಂಸರ ಸೊತ್ತಲ್ಲ. ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ 'ಕರ್ವಾಲೊ' ಕಾದಂಬರಿಯನ್ನು ನಮ್ಮವರು ಹೆಸರಿನ ಅಭಿಮಾನದಿಂದಲಾದರೂ ಓದಿರುತ್ತಾರೆ. ಅಲ್ಲಿ ವಿಕಾಸದ ಪುರಾತನ ಕೊಂಡಿಯಾದ ಹಾರುವ ಓತಿಯನ್ನು ಅರಸಿ ಹೊರಟ ವಿಜ್ಞಾನಿ ಕರ್ವಾಲೊಗೆ ಆಸರೆಯಾಗುವವನು ಊರವರು ದಡ್ಡನೆಂದು ಬದಿಗಿಟ್ಟ ಮಂದಣ್ಣ. ನಮ್ಮ ತೋಟಗಳಲ್ಲಿಯೂ ಮಂದಣ್ಣನಂಥವರು ಇದ್ದರು. ಕಾಂಡಕೊರಕ ಹೊಕ್ಕ ಗಿಡವನ್ನು ದೂರದಿಂದಲೇ ಬೆರಳು ಮಾಡಿ ತೋರಿಸುವ ಮೇಸ್ತ್ರಿ, ಯಾವ ಬರೆಯಲ್ಲಿ ಮಳೆಗಾಲದಲ್ಲಿ ಹೊಸ ಜಲ ಏಳುವುದೆಂದು ಬಲ್ಲ ಲೈನುಮನೆಯ ಮುದುಕಿ. ಅವರಿಂದ ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. 2019ರ ಆಗಸ್ಟಿನಲ್ಲಿ ಮಲೆಮನೆಯಂತಹ ಊರುಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಮಣ್ಣುಪಾಲಾದಾಗ, ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಾಗ, ಎಲ್ಲರ ಕೈಯಲ್ಲಿಯೂ ಮೊಬೈಲು ಇತ್ತು. ಬೆಟ್ಟದ ಒಡಲಿನ ಸುದ್ದಿ ಮಾತ್ರ ಅದರಲ್ಲಿರಲಿಲ್ಲ.

ಹಳೆಯ ತೋಟದ ಮನೆಗಳಲ್ಲಿ ಮಳೆಪುಸ್ತಕವೆಂಬುದೊಂದು ಇರುತ್ತಿತ್ತು. ಬೆಳಗ್ಗೆ ಅಂಗಳದ ಮಳೆಮಾಪಕದ ನೀರನ್ನು ಅಳೆದು ಇಂಚು ಸೆಂಟುಗಳಲ್ಲಿ ಬರೆದಿಡುವುದು, ಹೂಮಳೆ ಯಾವ ದಿನ ಬಿತ್ತು, ಬ್ಯಾಕಿಂಗ್ ಮಳೆ ಎಷ್ಟು ದಿನದ ಮೇಲೆ ಬಂತು, ಆ ವರ್ಷ ಎಷ್ಟು ಚೀಲವಾಯಿತು ಎಂಬುದನ್ನು ಒಂದೇ ಸಾಲಿನಲ್ಲಿ ಸೇರಿಸುವುದು ಯಜಮಾನರ ನಿತ್ಯವ್ರತ. ಅಕ್ಷರವು ಹುಟ್ಟಿದುದೇ ಇಂತಹ ಕೆಲಸಕ್ಕೆ. ಐದು ಸಾವಿರ ವರ್ಷಗಳ ಹಿಂದೆ ಸುಮೇರಿಯದವರು ಜೇಡಿಮಣ್ಣಿನ ಹಲಗೆಯ ಮೇಲೆ ಮೊದಲು ಗೀಚಿದುದು ಕಾವ್ಯವನ್ನಲ್ಲ, ಧಾನ್ಯದ ಲೆಕ್ಕವನ್ನು. ನಮ್ಮ ತೋಟದ ರೈಟರು ಬಹು ಹಳೆಯ ಕುಲದವರು! ಈಗ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ತಂದೆ ತೀರಿದ ಮೇಲೆ ತೋಟ ಮಾರಾಟವಾಗುತ್ತದೆ, ಕಪಾಟಿನ ಮಳೆಪುಸ್ತಕವು ರದ್ದಿಯವನ ತಕ್ಕಡಿಗೆ ಏರುತ್ತದೆ.

ಹಿಂದಿನದೆಲ್ಲವೂ ಒಳ್ಳೆಯದಾಗಿತ್ತೆಂದು ನಾವು ಹೇಳುತ್ತಿಲ್ಲ. 1942ರ ಕಾಫಿ ಕಾಯಿದೆಯ ವ್ಯವಸ್ಥೆಯಲ್ಲಿ ಬೆಳೆಗಾರನು ಬೆಳೆಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ, ಹಣವು ಕಂತುಕಂತಾಗಿ ಬರುವವರೆಗೆ ಕಾಯುತ್ತಿದ್ದನು. ಪೇಟೆಯ ಧಾರಣೆ ಅವನಿಗೆ ಬೇಕಾಗಿಯೇ ಇರಲಿಲ್ಲ. 1992ರಿಂದ ಆ ಕಟ್ಟು ಹಂತಹಂತವಾಗಿ ಸಡಿಲಿ 1996ರಲ್ಲಿ ಪೂರ್ತಿ ಕಳಚಿತು. ಈ ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿದಾಗ, ದೂರದ ದೇಶದ ಚಳಿಯ ಸುದ್ದಿಗೂ ಕಣದಲ್ಲಿ ಒಣಗುತ್ತಿರುವ ಚೆರ್ರಿಗೂ ನಂಟಿದೆಯೆಂದು ನಮ್ಮವರು ಕಲಿತರು. ಸುದ್ದಿ ಮೊದಲು ತಿಳಿದವನು ಗೆದ್ದನು. ಇಂದು ನ್ಯೂಯಾರ್ಕಿನ ಅರೇಬಿಕಾ, ಲಂಡನ್ನಿನ ರೊಬಸ್ಟಾ ಧಾರಣೆಗಳು ಕಳಸದ ಎರಡೆಕರೆಯವನ ಅಂಗೈಗೂ ಬರುತ್ತವೆ. ಇದು ನ್ಯಾಯದ ಮಾತೇ, ನಾವು ಸ್ವಾಗತಿಸುತ್ತೇವೆ.

ನಮ್ಮ ಚಿಂತೆ ಮುಂದಿನದರ ಕುರಿತು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಈಗ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿಯೇ ಉತ್ತರ ಕೊಡುತ್ತಿವೆ. ಆದರೆ ಅವು ಕಲಿತಿರುವುದು ಲೋಕದಲ್ಲಿ ಬರೆದಿಟ್ಟುದನ್ನು ಮಾತ್ರ. ಬ್ರೆಜಿಲಿನ ಕಾಫಿ ಬಹುಮಟ್ಟಿಗೆ ಬಯಲಿನ ಬಿಸಿಲಿನಲ್ಲಿ ಬೆಳೆಯುವಂಥದು, ಅದರ ಕುರಿತು ಬರೆದ ಹಾಳೆಗಳಿಗೆ ಲೆಕ್ಕವಿಲ್ಲ. ನಮ್ಮದು ಹಲಸು, ಅತ್ತಿ, ನಂದಿ ಮರಗಳ ನೆರಳಿನಲ್ಲಿ ಬೆಳೆಯುವ ಕಾಫಿ, ಅದರ ಮರ್ಮವು ಹಿರಿಯರ ನಾಲಗೆಯಲ್ಲಿದೆ. ನಾಳೆ ನಮ್ಮ ಮೊಮ್ಮಗನು ಯಾವ ಮರದ ಕೊಂಬೆ ಸವರಬೇಕೆಂದು ಯಂತ್ರವನ್ನು ಕೇಳಿದರೆ, ಅದು ಪರದೇಶದ ಮಾತನ್ನೇ ಬಲು ಧೈರ್ಯದಿಂದ ಹೇಳೀತು. ತಪ್ಪು ಯಂತ್ರದ್ದೆನ್ನಲು ನಮಗೆ ಬಾಯಿ ಉಂಟೇ?

ನಮ್ಮ ಧರ್ಮಕೇಂದ್ರಗಳಿಗೆ ದಾಖಲೆಯ ಶಿಸ್ತು ಹೊಸದಲ್ಲ. ಜ್ಞಾನಸ್ನಾನದ ಪುಸ್ತಕದಲ್ಲಿ ಮುತ್ತಜ್ಜನ ಹೆಸರು ಇಂದಿಗೂ ಸಿಗುತ್ತದೆ. ಅದೇ ಶ್ರದ್ಧೆಯಿಂದ ಧರ್ಮೋಪದೇಶದ ತರಗತಿಯ ಮಕ್ಕಳು, ಭಾನುವಾರ ಬಲಿಪೂಜೆಯ ಅನಂತರ ಒಂದು ನೋಟುಪುಸ್ತಕ ಹಿಡಿದು, ಊರಿನ ಹಿರಿಯರ ಬಳಿ ಅರ್ಧ ಗಂಟೆ ಕುಳಿತುಕೊಳ್ಳಲಿ. ಬಂಗಲೆಯವರ ಬಳಿ ಮಾತ್ರವಲ್ಲ, ಲೈನುಮನೆಯವರ ಬಳಿಯೂ. ಕೊಂಕಣಿಯಲ್ಲೋ ತುಳುವಿನಲ್ಲೋ ತಮಿಳಿನಲ್ಲೋ ಅವರು ಹೇಳಿದುದನ್ನು ಕನ್ನಡದಲ್ಲಿ ಬರೆದುಕೊಳ್ಳಲಿ. ಮನೆಯಲ್ಲಿ ಹಳೆಯ ಮಳೆಪುಸ್ತಕವಿದ್ದವರು ರದ್ದಿಗೆ ಹಾಕುವ ಮುನ್ನ ಅದರ ಹಾಳೆಗಳ ಪ್ರತಿಯನ್ನು ಈ ಅಂಕಣಕ್ಕೆ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ. ಯಾವ ಊರು, ಯಾವ ವರ್ಷ, ಎಷ್ಟು ಇಂಚು ಎಂಬುದು ಸ್ಪಷ್ಟವಾಗಿರಲಿ.