ಸೇನಾಪತಿಯನ್ನು ತೆಗೆಯಬಹುದು, ಕಾರಣ ಮುಚ್ಚಿಡಬಾರದು

1998ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು ವಜಾ ಮಾಡಿತು. ಕೊಚ್ಚಿಯಲ್ಲಿದ್ದ ಸುಶೀಲ್ ಕುಮಾರ್ ಅವರನ್ನು ಕರೆಸಿ ಆ ಸ್ಥಾನದಲ್ಲಿ ಕೂರಿಸಿತು. ಸ್ವತಂತ್ರ ಭಾರತದಲ್ಲಿ ಸೇನಾ ಮುಖ್ಯಸ್ಥರೊಬ್ಬರು ಅಧಿಕಾರದಲ್ಲಿರುವಾಗಲೇ ವಜಾಗೊಂಡದ್ದು ಅದೊಂದೇ ಸಲ. ಆಗ ರಕ್ಷಣಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅದಕ್ಕೆ 39 ವರ್ಷ ಮೊದಲು, 1959ರ ಆಗಸ್ಟ್ 31ರಂದು, ಭೂಸೇನೆಯ ಮುಖ್ಯಸ್ಥ ಜನರಲ್ ಕೆ.ಎಸ್. ತಿಮ್ಮಯ್ಯ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆ ಏಗಲಾರದೆ ರಾಜೀನಾಮೆ ಬರೆದುಕೊಟ್ಟರು. ಅವರು ಕೊಡಗಿನವರು. ಒಂದು ಪ್ರಕರಣದಲ್ಲಿ ಸಚಿವ, ಇನ್ನೊಂದರಲ್ಲಿ ಸೇನಾಪತಿ ನಮ್ಮ ನಾಡಿನವರು.

ಈ ಎರಡು ಪ್ರಕರಣಗಳಿಗೂ ಯುದ್ಧಭೂಮಿಯ ಸೋಲು ಕಾರಣವಾಗಿರಲಿಲ್ಲ. ವೈಸ್ ಅಡ್ಮಿರಲ್ ಹರಿಂದರ್ ಸಿಂಗ್ ಅವರನ್ನು ಉಪಮುಖ್ಯಸ್ಥ ಹುದ್ದೆಗೆ ನೇಮಿಸಿ ಸರ್ಕಾರ ಹೊರಡಿಸಿದ ಆದೇಶವನ್ನು ಜಾರಿ ಮಾಡಲು ಭಾಗವತ್ ಒಪ್ಪಲಿಲ್ಲ. ತಿಮ್ಮಯ್ಯನವರ ಅಸಮಾಧಾನದ ಕೇಂದ್ರದಲ್ಲಿಯೂ ಹಿರಿಯ ಅಧಿಕಾರಿಗಳ ಬಡ್ತಿಯ ವಿಚಾರವೇ ಇತ್ತು. ಬಿ.ಎಂ. ಕೌಲ್ ಅವರಂಥ ಮೆಚ್ಚಿನವರನ್ನು ಸಚಿವರು ಮೇಲೆತ್ತುತ್ತಿದ್ದಾರೆ ಎಂಬ ಮಾತು ಸೇನೆಯೊಳಗೆ ಬಲವಾಗಿತ್ತು. ದಂಡನಾಯಕರು ಇದ್ದಕ್ಕಿದ್ದಂತೆ ಹೋಗುವುದು ಏಕೆ ಎಂಬ ಪ್ರಶ್ನೆಗೆ ನಾನು ಮೊದಲು ಕೊಡುವ ಉತ್ತರ ಇದು: ಮೇಲಿನ ಹಂತದಲ್ಲಿ ಜಗಳ ಹುಟ್ಟುವುದು ಕೈಕೆಳಗೆ ಯಾರು ಇರಬೇಕೆಂಬ ವಿಷಯಕ್ಕೆ. ರಣರಂಗಕ್ಕೆ ಹತ್ತಿರವಿರುವವರ ತಲೆದಂಡವಾಗುವುದು ಮೇಲಿನವರಿಗೆ ಬೇಡವಾದ ಸುದ್ದಿ ಹೇಳಿದ್ದಕ್ಕೆ.

ಈ ಎರಡನೆಯ ಬಗೆಯ ತಲೆದಂಡವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ದೇಶ ಅದಕ್ಕೆ ತೆತ್ತ ಬೆಲೆ ದೊಡ್ಡದು. 1962ರ ಸೆಪ್ಟೆಂಬರ್ 8ರಂದು ಚೀನಾ ಸೈನಿಕರು ಈಶಾನ್ಯ ಗಡಿಯ ತಾಗ್ ಲಾ ಬೆಟ್ಟಸಾಲಿನಿಂದ ಇಳಿದು ಧೋಲಾ ಠಾಣೆಯ ಬಳಿ ಬಂದರು. ಅವರನ್ನು ಹಿಮ್ಮೆಟ್ಟಿಸಬೇಕೆಂದು ದೆಹಲಿ ನಿರ್ಧರಿಸಿತು. ಆ ಪ್ರದೇಶದ ಹೊಣೆ ಹೊತ್ತಿದ್ದ 33ನೇ ಕೋರ್‌ನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್, ಆಗುವುದಿಲ್ಲ ಎಂದು ಬರೆದರು. ರಸ್ತೆ ಇಲ್ಲ, ಚಳಿಗಾಲದ ಬಟ್ಟೆ ಇಲ್ಲ, ಫಿರಂಗಿ ಇಲ್ಲ, ಆಹಾರವನ್ನೂ ಮದ್ದುಗುಂಡನ್ನೂ ವಿಮಾನದಿಂದ ಉದುರಿಸಿಯೇ ತಲುಪಿಸಬೇಕು. ಮೊದಲು ಇಷ್ಟಿಷ್ಟು ಸಾಮಗ್ರಿ ಮುಂದಕ್ಕೆ ಹೋಗಲಿ, ಆಮೇಲೆ ದಾಳಿಯ ಮಾತು ಎಂದರು. ಅವರನ್ನು ನೇರವಾಗಿ ವಜಾ ಮಾಡಲಿಲ್ಲ. ಅಕ್ಟೋಬರ್ ಆರಂಭದಲ್ಲಿ 4ನೇ ಕೋರ್ ಎಂಬ ಹೊಸ ಪಡೆಯನ್ನು ಕಾಗದದ ಮೇಲೆ ಹುಟ್ಟಿಸಿ, ಆ ಗಡಿಯ ಹೊಣೆಯನ್ನು ಅದಕ್ಕೆ ವರ್ಗಾಯಿಸಿ, ಅದರ ನೇತೃತ್ವವನ್ನು ಕೌಲ್ ಅವರಿಗೆ ಕೊಟ್ಟರು. ಯುದ್ಧದಲ್ಲಿ ಪಡೆ ನಡೆಸಿದ ಅನುಭವ ಕೌಲ್ ಅವರಿಗೆ ಇರಲಿಲ್ಲ.

ಅಕ್ಟೋಬರ್ 10ರಂದು ತ್ಸೆಂಗ್ ಜಾಂಗ್‌ನಲ್ಲಿ ಚೀನಾ ತಿರುಗಿಬಿದ್ದುದನ್ನು ಕಣ್ಣಾರೆ ಕಂಡ ಮೇಲೆ ಉಮ್ರಾವ್ ಸಿಂಗ್ ಹೇಳಿದ್ದು ಸರಿ ಎಂದು ಕೌಲ್ ಅವರಿಗೂ ಮನವರಿಕೆಯಾಯಿತು. ಕಾಲ ಮೀರಿತ್ತು. 20ರಂದು ನಡೆದ ದಾಳಿಯಲ್ಲಿ 7ನೇ ಬ್ರಿಗೇಡ್ ನುಚ್ಚುನೂರಾಯಿತು, ಅದರ ಮುಖ್ಯಸ್ಥ ಬ್ರಿಗೇಡಿಯರ್ ಜಾನ್ ದಳವಿ ಸೆರೆಯಾದರು. ಅವರ ಮೇಲಿದ್ದ 4ನೇ ಡಿವಿಷನ್‌ನ ಮೇಜರ್ ಜನರಲ್ ನಿರಂಜನ ಪ್ರಸಾದ್ ಅವರನ್ನು ತೆಗೆದುಹಾಕಲಾಯಿತು. ನವೆಂಬರ್‌ನಲ್ಲಿ ಸೇಲಾ, ಬೊಮ್ದಿಲಾ ಬಿದ್ದವು. ಮೆನನ್ ಹೋದರು, ತಿಮ್ಮಯ್ಯನವರ ನಂತರ ಬಂದಿದ್ದ ಥಾಪರ್ ಹೋದರು, ಕೌಲ್ ಕೂಡ ಹೋದರು.

ನಿರಂಜನ ಪ್ರಸಾದ್ ಅವರ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಅವರು ತಮ್ಮ ಪರ ವಾದಿಸಿ ಮತ್ತೆ ಹುದ್ದೆ ಪಡೆದರು. 1965ರ ಯುದ್ಧದಲ್ಲಿ ಲಾಹೋರ್ ದಿಕ್ಕಿನ 15ನೇ ಡಿವಿಷನ್ ಅವರ ಕೈಯಲ್ಲಿತ್ತು. ಮುನ್ನುಗ್ಗಿದ ಪಡೆಗೆ ಬೆಂಬಲ ಸಾಲದೆ ಹಿನ್ನಡೆಯಾಯಿತು. ಆ ದಿಕ್ಕಿನ ದಾಳಿ ಶುರುವಾದ ಎರಡೇ ದಿನಕ್ಕೆ ಪಶ್ಚಿಮ ಕಮಾಂಡ್‌ನ ಮುಖ್ಯಸ್ಥ ಹರ್ಬಕ್ಷ್ ಸಿಂಗ್, ನಿರಂಜನ ಪ್ರಸಾದ್ ಅವರನ್ನು ಬದಲಿಸಿ ಮೊಹಿಂದರ್ ಸಿಂಗ್ ಅವರನ್ನು ತಂದರು. ಒಬ್ಬರೇ ಅಧಿಕಾರಿ ಎರಡು ಸಲ ಪದವಿ ಕಳೆದುಕೊಂಡರು. ಮೊದಲನೆಯದು ಮೇಲಿನವರ ತಪ್ಪಿಗೆ ಕೆಳಗಿನವರು ತೆತ್ತ ದಂಡ ಎಂದೇ ನನ್ನ ತೀರ್ಮಾನ. ಎರಡನೆಯದು ಯುದ್ಧದ ಮಧ್ಯೆ ಮೇಲಧಿಕಾರಿ ಮಾಡಲೇಬೇಕಾಗಿದ್ದ ಕೆಲಸ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಥರದ ಆದೇಶ.

ಈ ವ್ಯತ್ಯಾಸ ಗೊತ್ತಾಗಬೇಕಾದರೆ ಕಾರಣ ಬಹಿರಂಗವಾಗಬೇಕು. ಕಾನೂನು ಅದನ್ನು ಒತ್ತಾಯಿಸುವುದಿಲ್ಲ. ಸಂವಿಧಾನದ 310ನೇ ವಿಧಿಯಂತೆ ಸೇನಾಧಿಕಾರಿಗಳು ರಾಷ್ಟ್ರಪತಿಯ ಇಚ್ಛೆ ಇರುವವರೆಗೆ ಮಾತ್ರ ಹುದ್ದೆಯಲ್ಲಿರುತ್ತಾರೆ. ನಾಗರಿಕ ನೌಕರರಿಗೆ 311ನೇ ವಿಧಿ ಕೊಡುವ ರಕ್ಷಣೆ, ಅಂದರೆ ಆರೋಪ ತಿಳಿಸಿ ವಿಚಾರಣೆ ನಡೆಸಿಯೇ ವಜಾ ಮಾಡಬೇಕೆಂಬ ನಿಯಮ, ಅವರಿಗೆ ಅನ್ವಯಿಸದು. ತಾಲ್ಲೂಕು ಕಚೇರಿಯ ಗುಮಾಸ್ತರಿಗಿರುವ ರಕ್ಷಣೆ ಸೇನಾ ಮುಖ್ಯಸ್ಥರಿಗಿಲ್ಲ. ಇದು ಸರಿಯಾದ ಏರ್ಪಾಡೇ. ಬಂದೂಕು ಹಿಡಿದವರ ಮೇಲೆ ಜನ ಆರಿಸಿದವರ ಅಧಿಕಾರ ಷರತ್ತಿಲ್ಲದೆ ನಡೆಯಬೇಕು. ನಡೆಯದಿದ್ದರೆ ಏನಾಗುತ್ತದೆ ಎಂಬುದು 1999ರ ಅಕ್ಟೋಬರ್ 12ರಂದು ಪಾಕಿಸ್ತಾನದಲ್ಲಿ ಕಂಡಿತು: ಕೊಲಂಬೊದಿಂದ ವಿಮಾನದಲ್ಲಿ ಬರುತ್ತಿದ್ದ ಸೇನಾ ಮುಖ್ಯಸ್ಥ ಮುಷರಫ್ ಅವರನ್ನು ನವಾಜ್ ಷರೀಫ್ ತೆಗೆದರು, ರಾತ್ರಿಯೊಳಗೆ ಷರೀಫ್ ಸರ್ಕಾರವೇ ಬಿತ್ತು.

ಮೈಸೂರು ಸಂಸ್ಥಾನ ಇದನ್ನು ಇನ್ನೂ ಮೊದಲೇ ಉಂಡಿದೆ. ತಿರುಚಿನಾಪಳ್ಳಿಯ ದಂಡಯಾತ್ರೆಯಿಂದ ಬೊಕ್ಕಸ ಬರಿದಾಗಿ, ಸಂಬಳ ಸಿಗದ ಸೈನಿಕರು ದಳವಾಯಿ ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕೂತರು. ಬಾಕಿ ತೀರಿಸಿದ ಹೈದರಾಲಿಯೇ ನಂತರ ನಂಜರಾಜಯ್ಯನನ್ನು ಬದಿಗೆ ಸರಿಸಿದ. 1760ರಲ್ಲಿ ಹೈದರನನ್ನು ಹೊರದಬ್ಬಲು ಅರಮನೆ ಮತ್ತು ಅವನದೇ ದಿವಾನನಾಗಿದ್ದ ಖಂಡೇರಾವ್ ಶ್ರೀರಂಗಪಟ್ಟಣದಲ್ಲಿ ಫಿರಂಗಿ ತಿರುಗಿಸಿದರು. ಅವನು ಬೆಂಗಳೂರಿಗೆ ತಪ್ಪಿಸಿಕೊಂಡು ಹೋಗಿ ಮರುವರ್ಷ ರಾಜ್ಯವನ್ನೇ ಕೈಗೆ ತೆಗೆದುಕೊಂಡ. ಸೈನ್ಯದ ಸಂಬಳ ಯಾರ ಕೈಯಲ್ಲಿತ್ತೋ ನಿಷ್ಠೆಯೂ ಅವರ ಕಡೆಗಿತ್ತು.

ಇವೆಲ್ಲ ದೆಹಲಿಯ, ಹಳೆಯ ಕಾಲದ ಸಂಗತಿಗಳು, ನಮಗೇನು ಎಂದು ತುಮಕೂರು ಜಿಲ್ಲೆಯ ಹೆಬ್ಬೂರಿನಂಥ ಊರಿನಲ್ಲಿ ಕೇಳುವವರು ಇರಬಹುದು. ಹೆಬ್ಬೂರಿಗೆ ಒಂದು ಮಗ್ಗುಲಲ್ಲಿ ಕುಣಿಗಲ್, ಹೈದರ್–ಟಿಪ್ಪು ಕಾಲದಿಂದ ಸೈನ್ಯಕ್ಕೆ ಕುದುರೆ ಸಾಕಿದ ಊರು. ಇನ್ನೊಂದು ಕಡೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್, ಅಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಈ ಕಾರ್ಖಾನೆಯಲ್ಲಿ ಮೊದಲಿಗೆ ತಯಾರಿಸಲು ಯೋಜಿಸಿದ್ದು 3 ಟನ್ ವರ್ಗದ ಹಗುರ ಹೆಲಿಕಾಪ್ಟರ್. ಹಿಮಾಲಯದ ಎತ್ತರದ ಠಾಣೆಗಳಿಗೆ ಜನ, ಸಾಮಾನು ಸಾಗಿಸುವುದು ಅದರ ಉದ್ದೇಶಗಳಲ್ಲೊಂದು. 1962ರಲ್ಲಿ ಉಮ್ರಾವ್ ಸಿಂಗ್ ಇಲ್ಲ ಎಂದು ಬರೆದದ್ದು ಇಂಥ ಸಾಗಣೆಯ ಬಲವನ್ನೇ. ಇಲ್ಲಿ ಎಷ್ಟೇ ಒಳ್ಳೆಯ ಯಂತ್ರ ತಯಾರಾಗಲಿ, ಅದು ಸಾಲುವುದಿಲ್ಲ ಎನ್ನುವ ಅಧಿಕಾರಿಯ ಬಾಯಿ ಮುಚ್ಚಿಸಿದರೆ ಗಡಿಯಲ್ಲಿ ನಿಂತವನಿಗೆ ಉಪಯೋಗವಿಲ್ಲ.

ಕಾರಣ ಹೇಳಿದರೆ ಸರ್ಕಾರದ ಅಧಿಕಾರ ಕುಗ್ಗುತ್ತದೆ ಎಂಬ ವಾದವಿದೆ. ಅಮೆರಿಕದ ಅಧ್ಯಕ್ಷ ಟ್ರೂಮನ್ 1951ರ ಏಪ್ರಿಲ್ 11ರಂದು ಜನರಲ್ ಮೆಕಾರ್ಥರ್ ಅವರನ್ನು ತೆಗೆದಾಗ ಅವತ್ತೇ ರೇಡಿಯೊದಲ್ಲಿ ದೇಶಕ್ಕೆ ಕಾರಣ ಹೇಳಿದರು, ಆಮೇಲೆ ಸೆನೆಟ್ ವಿಚಾರಣೆಯೂ ನಡೆಯಿತು. ಅಧಿಕಾರ ಕುಗ್ಗಲಿಲ್ಲ. ಅದೇ ದೇಶದಲ್ಲಿ 2025ರ ಫೆಬ್ರುವರಿಯಲ್ಲಿ ಸೇನಾ ಮುಖ್ಯಸ್ಥರ ಜಂಟಿ ಸಮಿತಿಯ ಅಧ್ಯಕ್ಷ ಜನರಲ್ ಸಿ.ಕ್ಯೂ. ಬ್ರೌನ್ ಅವರನ್ನು ನಾಲ್ಕು ವರ್ಷದ ಅವಧಿಯ ಅರ್ಧಕ್ಕೂ ಮೊದಲೇ ಕಳಿಸಿದಾಗ ಸ್ಪಷ್ಟ ವಿವರಣೆ ಬರಲಿಲ್ಲ. ಕಾರಣ ತಿಳಿಯದಿದ್ದರೆ ಉಳಿದ ಅಧಿಕಾರಿಗಳು ತಾವೇ ಒಂದು ಕಾರಣ ಊಹಿಸಿಕೊಳ್ಳುತ್ತಾರೆ, ಅದಕ್ಕೆ ತಕ್ಕಂತೆ ವರದಿ ಬರೆಯಲು ಕಲಿಯುತ್ತಾರೆ.

1959ರಲ್ಲಿ ನೆಹರೂ ತಿಮ್ಮಯ್ಯನವರ ಮನವೊಲಿಸಿ ರಾಜೀನಾಮೆ ಹಿಂದಕ್ಕೆ ತೆಗೆಸಿದರು. ಸುದ್ದಿ ಹೊರಬಿದ್ದ ಮೇಲೆ ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ಮಾತಾಡಿ, ನಾಗರಿಕ ಸರ್ಕಾರವೇ ಮೇಲು ಎಂದರು, ತಿಮ್ಮಯ್ಯನವರ ನಡೆಯನ್ನು ಟೀಕಿಸಿದರು. ಆ ಟೀಕೆ ಕೊಡಗಿನ ಆ ಯೋಧನಿಗೆ ನ್ಯಾಯ ಮಾಡಲಿಲ್ಲ. ಆದರೂ ಎರಡೇ ದಿನದಲ್ಲಿ ಪ್ರಧಾನಿ ಸದನದ ಮುಂದೆ ನಿಂತದ್ದು ಒಳ್ಳೆಯ ಪದ್ಧತಿ. ಹಿರಿಯ ಸೇನಾಧಿಕಾರಿಯನ್ನು ಅವಧಿಗೆ ಮುಂಚೆ ತೆಗೆದಾಗಲೆಲ್ಲ ಅದು ಕಡ್ಡಾಯವಾಗಬೇಕು. ರಹಸ್ಯವಿದ್ದರೆ ರಕ್ಷಣಾ ಸ್ಥಾಯಿ ಸಮಿತಿಯ ಮುಚ್ಚಿದ ಸಭೆಯಲ್ಲಿಯಾದರೂ ಲಿಖಿತ ಕಾರಣ ಇಡಬೇಕು. 1962ರ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ಮತ್ತು ಪಿ.ಎಸ್. ಭಗತ್ 1963ರಲ್ಲಿ ಕೊಟ್ಟ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಆ ಯುದ್ಧದ ದಂಡನಾಯಕರೂ ಸಚಿವರೂ ಈಗಿಲ್ಲ. ಉಮ್ರಾವ್ ಸಿಂಗ್ ಅವರ ಕೈಯಿಂದ ಹೊಣೆ ಕಿತ್ತುಕೊಂಡದ್ದು ಯಾರ ಮಾತಿನ ಮೇಲೆ ಎಂಬುದನ್ನು ಸರ್ಕಾರ ಈ ವರದಿಯನ್ನು ಹೊರತಂದು ಹೇಳಬೇಕು.