ಬಿಚ್ಚಿದ ದೀಪ ಮುಚ್ಚಿ ಕೊಡಿ

ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿಯಲ್ಲೋ ಶಿರಾಡಿ ಘಾಟಿಯಲ್ಲೋ ಕಾರು ಓಡಿಸಿದವರಿಗೆ ನಾನು ಹೇಳಹೊರಟಿದ್ದು ಅರ್ಧ ಗೊತ್ತೇ ಇರುತ್ತದೆ. ಎದುರಿಗೆ ಬರುವ ಕಾರಿನ ಒಂದು ದೀಪ ಕಣ್ಣು ಕುಕ್ಕುತ್ತದೆ, ಇನ್ನೊಂದು ಮಂಕಾಗಿ ಹಳದಿಗಟ್ಟಿರುತ್ತದೆ. ಹತ್ತಿರ ಬಂದಾಗ ನೋಡಿದರೆ ಹೆಡ್‌ಲೈಟಿನ ಒಳಗೇ ಹನಿಗಳು ಇಳಿಯುತ್ತಿವೆ, ತಳದಲ್ಲಿ ನೀರು ನಿಂತಿದೆ. ಆ ಚಾಲಕನನ್ನು ಬೈದುಕೊಂಡು ಮುಂದೆ ಹೋಗುತ್ತೇವೆ. ನಮ್ಮದೇ ಕಾರಿನ ದೀಪವನ್ನು ಮಾತ್ರ ಬಗ್ಗಿ ನೋಡುವುದಿಲ್ಲ.

ಬಗ್ಗಿ ನೋಡಿ ಸ್ವಾಮಿ, ಇವತ್ತೇ ನೋಡಿ.

ದೀಪದೊಳಗೆ ಕಟ್ಟುವ ಎಲ್ಲ ಮಂಜೂ ಕೆಟ್ಟದ್ದಲ್ಲ. ದೀಪ ಉರಿದಾಗ ಒಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಆರಿಸಿದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಅದಕ್ಕೆಂದೇ ಹಿಂಬದಿಯಲ್ಲಿ ಸಣ್ಣ ಕೊಳವೆಯನ್ನೋ ತೆಳು ಪೊರೆಯನ್ನೋ ಇಟ್ಟಿರುತ್ತಾರೆ. ಜಡಿಮಳೆಯ ನಂತರ ಅಂಚಿನಲ್ಲಿ ತೆಳುವಾಗಿ ಮಂಜು ಕಟ್ಟಿ, ದೀಪ ಹೊತ್ತಿಸಿದ ಸ್ವಲ್ಪ ಹೊತ್ತಿಗೆ ಹೋದರೆ ಚಿಂತೆಯಿಲ್ಲ. ಹನಿ ಹರಿಯುತ್ತಿದೆ, ನೀರು ನಿಂತಿದೆ ಎಂದರೆ ಎಲ್ಲೋ ಬಾಯಿ ತೆರೆದಿದೆ ಎಂದೇ ಅರ್ಥ.

ಆ ಬಾಯಿ ತಾನಾಗಿಯೇ ತೆರೆಯುವುದೂ ಉಂಟು. ಮುಂದಿನ ಪಾಲಿಕಾರ್ಬೊನೇಟ್ ಲೆನ್ಸನ್ನು ಹಿಂದಿನ ಡಬ್ಬಿಗೆ ಹಿಡಿದಿಟ್ಟಿರುವ ಬ್ಯೂಟೈಲ್ ಗಮ್ ವರ್ಷಗಟ್ಟಲೆ ಬಿಸಿಲು, ಎಂಜಿನ್ನಿನ ಕಾವು ತಿಂದು ಗಟ್ಟಿಯಾಗುತ್ತದೆ. ಪಾರ್ಕಿಂಗಿನಲ್ಲಿ ಯಾರೋ ತಾಗಿಸಿದರೆ ಅಂಚು ಸೀಳುತ್ತದೆ. ಅದನ್ನು ಕ್ಷಮಿಸೋಣ. ನಾನು ಕ್ಷಮಿಸಲಾರದ್ದು ಒಂದೇ: ಸರಿಯಿದ್ದ ದೀಪವನ್ನು ಕೈಯಾರೆ ಬಿಚ್ಚಿ, ಮುಚ್ಚದೆ ಕಳಿಸುವುದು.

ಮೊನ್ನೆ ಪರಿಚಿತರೊಬ್ಬರ ಕಾರಿನ ಬಾನೆಟ್ ಎತ್ತಿ ನೋಡಿದೆ. ಎರಡೂ ಹೆಡ್‌ಲೈಟುಗಳ ಹಿಂದಿನ ಬಾಯಿ ಮುಚ್ಚುವ ಡಸ್ಟ್ ಕ್ಯಾಪೇ ಇರಲಿಲ್ಲ. ಬಲ್ಬಿನ ಸುತ್ತ ಅಂಗೈಯಗಲದ ತೂತು, ಒಳಗೆ ಕೆಸರು, ಸತ್ತ ಹುಳಗಳು. ಎಲ್‌ಇಡಿ ಬಲ್ಬು ಹಾಕಿಕೊಟ್ಟ ಅಂಗಡಿಯವನನ್ನು ಕೇಳಿದರೆ, "ಬಲ್ಬಿನ ಹಿಂದೆ ಫ್ಯಾನ್ ಇರುತ್ತಲ್ಲ ಸಾರ್, ಕ್ಯಾಪ್ ಕೂರಲ್ಲ. ಏನೂ ಆಗಲ್ಲ, ಎಲ್ಲರದೂ ಹಿಂಗೇ" ಅಂದ. ಕ್ಯಾಪು ಎಲ್ಲಿ ಎಂದರೆ ಕಸಕ್ಕೆ ಹೋಯಿತಂತೆ. ಎಲ್ಲರದೂ ಹಿಂಗೇ! ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟದೆ ಬಿಟ್ಟರೆ ಮನೆಯಲ್ಲಿ ರಾಮಾಯಣ ಮಾಡುವ ನಾವು, ದೀಪದ ಬಾಯಿ ತೆರೆದು ಕಳಿಸಿದವನಿಗೆ ದುಡ್ಡು ಎಣಿಸಿ ಥ್ಯಾಂಕ್ಸ್ ಹೇಳಿ ಬರುತ್ತೇವೆ. ಇನ್ನೊಂದು ಮಾತು. ಹಳೆಯ ಹ್ಯಾಲೊಜನ್ ಬಲ್ಬಿನ ಶಾಖ ಲೆನ್ಸಿಗೆ ತಟ್ಟಿ ತೇವವನ್ನು ಆರಿಸುತ್ತಿತ್ತು. ಎಲ್‌ಇಡಿಯ ಬಿಸಿ ಹೆಚ್ಚಾಗಿ ಹಿಂದಕ್ಕೆ ಹೋಗುತ್ತದೆ. ಅಂದರೆ ನೀರು ಬರಲು ದಾರಿ ಮಾಡಿಕೊಟ್ಟು, ಆರುವ ದಾರಿಯನ್ನೂ ಕಿತ್ತುಕೊಂಡ ಹಾಗಾಯಿತು.

ನೀರು ನಿಂತ ಮೇಲೆ ನಡೆಯುವ ರಿಪೇರಿ ಇದಕ್ಕಿಂತ ಅನ್ಯಾಯ. ಒಬ್ಬ ತಳಕ್ಕೆ ಡ್ರಿಲ್ ಇಟ್ಟು ತೂತು ಕೊರೆಯುತ್ತಾನೆ. ಇನ್ನೊಬ್ಬ ಒಳಗಿನ ತೇವ ಆರಿಸದೆಯೇ ಹೊರಗಿನಿಂದ ಸಿಲಿಕೋನ್ ಮೆತ್ತಿ, ಗಾಳಿಯಾಡುವ ಕೊಳವೆಗೂ ಸೇರಿಸಿ ಬಳಿದು, ನೀರನ್ನು ಒಳಗೇ ಕೂಡಿಹಾಕುತ್ತಾನೆ. ಅದೂ ಬಚ್ಚಲುಮನೆಗೆ ಹಚ್ಚುವ, ವಿನೆಗರ್ ವಾಸನೆಯ ಸಿಲಿಕೋನ್! ಅದರಿಂದ ಹೊರಡುವ ಆಮ್ಲದ ಆವಿ ರಿಫ್ಲೆಕ್ಟರಿನ ತೆಳು ಅಲ್ಯುಮಿನಿಯಂ ಲೇಪವನ್ನು ತಿನ್ನುತ್ತದೆ. ಹೊಳಪು ಒಮ್ಮೆ ಹೋಯಿತೆಂದರೆ ಉಜ್ಜಿ ತರಿಸಲಾಗದು.

ಸರಿಯಾಗಿ ಮತ್ತೆ ಮುಚ್ಚುವುದು, ಅಂದರೆ ರೀಸೀಲ್ ಮಾಡುವುದು, ಬ್ರಹ್ಮವಿದ್ಯೆಯೇನಲ್ಲ. ದೀಪ ಕಳಚಿ ಪೂರ್ತಿ ಒಣಗಿಸಬೇಕು, ಹದವಾಗಿ ಕಾಯಿಸಿ ಗಮ್ ಮೆತ್ತಗಾದ ಮೇಲೆ ಲೆನ್ಸ್ ಬಿಡಿಸಬೇಕು, ಹಳೆಯ ಗಮ್ಮನ್ನು ಡಬ್ಬಿಯಂಚಿನ ತೋಡಿನಿಂದ ಚೂರೂ ಉಳಿಯದಂತೆ ಕೆರೆದು ಹೊಸ ಬ್ಯೂಟೈಲ್ ಎಳೆಯನ್ನು ಸುತ್ತ ಕೂರಿಸಿ ಬಿಸಿಯಲ್ಲೇ ಒತ್ತಿ ಹಿಡಿಯಬೇಕು. ಕೊಳವೆ ಮುಚ್ಚಬಾರದು, ಕ್ಯಾಪು ಮರೆಯಬಾರದು. ಕೆಲವು ಹೊಸ ಕಾರುಗಳ ಗಮ್ ಕಾವಿಗೆ ಕರಗುವುದೇ ಇಲ್ಲ, ಅಂಥದಕ್ಕೆ ಕೈ ಹಾಕದೆ ದೀಪವನ್ನೇ ಬದಲಿಸಬೇಕು. ಇಷ್ಟಕ್ಕೆ ಬೇಕಾದ್ದು ತಾಳ್ಮೆ, ಅದೇ ನಮ್ಮಲ್ಲಿ ಇಲ್ಲ.

"ನನ್ನ ಕಾರು, ನನ್ನ ದೀಪ, ನಿನಗೇನು?" ಎನ್ನುತ್ತೀರಾ? ಹನಿಗಟ್ಟಿದ ಲೆನ್ಸಿನಿಂದ ಡಿಮ್ ಲೈಟು ಕೂಡ ದಿಕ್ಕು ತಪ್ಪುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಚದುರಿ ಎದುರಿನವನ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ತೋಟದ ಕೆಲಸ ಮುಗಿಸಿ ರಸ್ತೆಯಂಚಿನಲ್ಲಿ ನಡೆದುಹೋಗುವ ಹೆಂಗಸು ನಿಮಗೂ ಕಾಣುವುದಿಲ್ಲ, ಅವನಿಗೂ ಕಾಣುವುದಿಲ್ಲ. ಆಕೆ ಏನು ತಪ್ಪು ಮಾಡಿದ್ದಾಳೆ?

ಕಾನೂನು ನೋಡಿಕೊಳ್ಳುತ್ತದೆ ಎಂದು ಕಾಯುವವರಿಗೂ ಒಂದು ಮಾತು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕಲು ರಾಜ್ಯದ ಪೊಲೀಸರು 2024ರ ಜುಲೈಯಲ್ಲಿ ಹೊರಟರು, ಒಳ್ಳೆಯದೇ. ಅನುಮತಿಯಿಲ್ಲದ ಮಾರ್ಪಾಟಿಗೆ ಮೋಟಾರು ವಾಹನ ಕಾಯ್ದೆಯ 182-ಎ ಕಲಮಿನಲ್ಲಿ ಮಾರ್ಪಾಟೊಂದಕ್ಕೆ 5,000 ರೂಪಾಯಿ ದಂಡವಿದೆ, ಆರು ತಿಂಗಳವರೆಗೆ ಸೆರೆವಾಸವೂ ಇದೆ. ಕಟ್ಟಬೇಕಾದವರು ಮಾಲೀಕರಾದ ನೀವು. ಆದರೆ ಪೊಲೀಸರು ನೋಡುವುದು ದೀಪದ ಮುಖವನ್ನು, ಬೆನ್ನನ್ನಲ್ಲ. ಸ್ವಂತ ಕಾರಿಗೆ ಒಮ್ಮೆ ರಿಜಿಸ್ಟ್ರೇಷನ್ ಆದರೆ 15 ವರ್ಷ ನಡೆಯುತ್ತದೆ. ಅಷ್ಟು ಮಳೆಗಾಲ ಅದರ ಬಾನೆಟ್ ಎತ್ತಿ ಕ್ಯಾಪು ಇದೆಯೇ ಎಂದು ಕೇಳುವ ಅಧಿಕಾರಿ ಯಾರೂ ಇಲ್ಲ. ಕೇಳಬೇಕಾದವರು ನಾವೇ.

ಗ್ಯಾರೇಜಿನ ಅಣ್ಣತಮ್ಮಂದಿರೇ, ನಿಮ್ಮ ಹೊಟ್ಟೆಯ ಮೇಲೆ ಹೊಡೆಯುವ ಮನಸ್ಸು ನನಗಿಲ್ಲ. ಗಿರಾಕಿ ಕೇಳಿದ, ಹಾಕಿದೆ ಎನ್ನುತ್ತೀರಿ. ಗಿರಾಕಿ ಬ್ರೇಕು ಬಿಚ್ಚಿಡು ಎಂದರೆ ಬಿಚ್ಚಿಡುತ್ತೀರಾ? ಕ್ಯಾಪು ಕೂರದ ಬಲ್ಬನ್ನು ಈ ಕಾರಿಗೆ ಹಾಕಲಾಗದು ಎಂದು ಹೇಳುವ ಹಕ್ಕು ನಿಮಗಿದೆ, ಹೇಳಿ. ಕಾರಿನ ಮಾಲೀಕರೇ, ದುಡ್ಡು ಕೊಡುವ ಮೊದಲು ಬಾನೆಟ್ ಎತ್ತಿಸಿ, ಮೊಬೈಲಿನ ಟಾರ್ಚ್ ಬಿಟ್ಟು ಎರಡೂ ದೀಪಗಳ ಹಿಂಭಾಗ ನೋಡಿ. ಕ್ಯಾಪು ಕೂರುವುದಿಲ್ಲ ಎಂದರೆ ಆ ಬಲ್ಬು ಕೀಳಿಸಿ, ಕಂಪನಿಯಿಂದ ಬಂದಿದ್ದ ಬಲ್ಬನ್ನೇ ವಾಪಸ್ ಹಾಕಿಸಿ, ಕ್ಯಾಪು ತಿರುಗಿಸಿ ಕೂರಿಸುವ ತನಕ ಅಂಗಡಿ ಬಿಟ್ಟು ಕದಲಬೇಡಿ.