ಧನುರ್ಮಾಸದ ಬೀಗ

ಕಳೆದ ಚಳಿಗಾಲದ ಒಂದು ಬೆಳಗಿನ ಜಾವ, ಕೆಂಪಾಪುರದ ಭಕ್ತರೊಬ್ಬರ ಮನೆಯಲ್ಲಿ ಏರ್ಪಟ್ಟಿದ್ದ ಪೂಜೆಗೆಂದು ಹೊರಟಿದ್ದ ನಾವು ಹೆಬ್ಬಾಳದ ಮೇಲ್ಸೇತುವೆ ದಾಟಿದ ಮೇಲೆ ಕಂಡ ದೃಶ್ಯವನ್ನು ಮೊದಲು ನಿವೇದಿಸುತ್ತೇವೆ. ಮುಚ್ಚಿದ ಅಂಗಡಿಗಳ ಜಗಲಿಯ ಮೇಲೆ ಸಿಮೆಂಟಿನ ಖಾಲಿ ಚೀಲಗಳನ್ನು ಹೊದ್ದು ಏಳೆಂಟು ಮಂದಿ ಮುದುಡಿ ಮಲಗಿದ್ದರು. ಮಾತನಾಡಿಸಿದಾಗ ಕೇಳಿಬಂದದ್ದು ರಾಯಚೂರು ಸೀಮೆಯ ಕನ್ನಡ. ರಸ್ತೆಯ ಆಚೆ ಬದಿಯಲ್ಲಿ ನಮ್ಮ ಸಮಾಜದವರೇ ಕಟ್ಟಿಸಿದ ಕಲ್ಯಾಣ ಮಂಟಪ. ಅದರ ಉದ್ಘಾಟನೆಗೆ ಹೋಗಿ, ದಾಸೋಹದ ಮಹಿಮೆಯನ್ನು ಕುರಿತು ದೀರ್ಘ ಆಶೀರ್ವಚನ ನೀಡಿ ಬಂದವರು ನಾವೇ. ಅದಕ್ಕೆ ಬೀಗ ಹಾಕಿತ್ತು.

ಕಾರಣ ಕೇಳಿದೆವು. ಧನುರ್ಮಾಸವಂತೆ. ಡಿಸೆಂಬರ್ ಮಧ್ಯದಿಂದ ಮಕರ ಸಂಕ್ರಮಣದವರೆಗೆ ಮದುವೆಗಳಿಲ್ಲ, ಬಾಡಿಗೆಯಿಲ್ಲ, ಆದ್ದರಿಂದ ತೆರೆಯುವ ಪ್ರಮೇಯವಿಲ್ಲ. (ಶರಣರು ಮುಹೂರ್ತ ನೋಡಿದವರಲ್ಲ, ಅವರ ಹೆಸರು ಹೇಳುವ ನಾವು ಮಾತ್ರ ನೋಡುತ್ತೇವೆ. ಆ ಜಗಳ ಇನ್ನೊಮ್ಮೆ ಆಗಲಿ.) ನಗರದಲ್ಲಿ ಚಳಿ ಅತ್ಯಂತ ತೀಕ್ಷ್ಣವಾಗಿರುವ ವಾರಗಳೂ ನಮ್ಮ ಸಭಾಭವನಗಳು ಸಂಪೂರ್ಣ ಖಾಲಿ ಬಿದ್ದಿರುವ ವಾರಗಳೂ ಒಂದೇ. ಈ ಸಂಯೋಗವನ್ನು ಇಷ್ಟು ವರ್ಷ ಗಮನಿಸದೆ ಹೋದ ದೋಷದಲ್ಲಿ ನಮ್ಮ ಪಾಲೇ ದೊಡ್ಡದು.

ಈ ಮಾತನ್ನು ಟ್ರಸ್ಟಿನ ಹಿರಿಯರ ಮುಂದೆ ಇಟ್ಟಾಗ ಬಂದ ಆಕ್ಷೇಪಗಳನ್ನು ಇಲ್ಲಿ ಮುಚ್ಚಿಡುವುದಿಲ್ಲ. "ಬುದ್ಧೀ, ಬೆಂಗಳೂರಿನಲ್ಲಿ ಎಲ್ಲಿಯ ಚಳಿ? ಇದೇನು ದೆಹಲಿಯೇ?" ಎಂದರು ಒಬ್ಬರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ನಗರದಲ್ಲಿ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿಗೆ ಇಳಿದದ್ದು ದಾಖಲೆಯಲ್ಲಿದೆ. ಅದು ಬಿಡಿ. ಮನುಷ್ಯ ಚಳಿಯಿಂದ ಸಾಯಲು ಹಿಮ ಬೀಳಬೇಕಾಗಿಲ್ಲ. ಹಸಿದ ಹೊಟ್ಟೆ, ಮಂಜಿನಲ್ಲಿ ತೊಯ್ದ ಬಟ್ಟೆ, ಮೈಯ ಶಾಖವನ್ನು ಇರುಳಿಡೀ ಹೀರುವ ಸಿಮೆಂಟು ನೆಲ, ವೃದ್ಧಾಪ್ಯ: ಇವು ಕೂಡಿದರೆ ಹತ್ತು ಹನ್ನೆರಡು ಡಿಗ್ರಿಯೇ ಪ್ರಾಣಕ್ಕೆ ಎರವಾದೀತು. ಹೀಗೆ ಕೇಳಿದವರು ಉಣ್ಣೆಯ ಶಾಲು ಹೊದ್ದಿದ್ದರು.

ಇನ್ನೊಬ್ಬರು ಇದು ಸರ್ಕಾರದ ಕೆಲಸವೆಂದರು. ನಿಜ. ಒಂದು ಲಕ್ಷ ನಗರವಾಸಿಗಳಿಗೆ ಒಂದರಂತೆ ಆಶ್ರಯಗಳಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲೇ ವಿಧಿಸಿತು; 2013ರಲ್ಲಿ ಆರಂಭವಾದ ನಗರ ಜೀವನೋಪಾಯ ಯೋಜನೆಯೂ ಇದೇ ಮಾನದಂಡವನ್ನು ಒಪ್ಪಿತು. 2011ರ ಜನಗಣತಿಯಂತೆ ಬೆಂಗಳೂರಿನ ಜನಸಂಖ್ಯೆ 84 ಲಕ್ಷ. ಲೆಕ್ಕ ಓದುಗರೇ ಹಾಕಿಕೊಳ್ಳಲಿ. ಸರ್ಕಾರವನ್ನು ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಆದರೆ ಅನ್ನದಾನವೂ ಸರ್ಕಾರದ ಕೆಲಸವೆಂದು ಯಾವ ಮಠವಾದರೂ ಪ್ರಸಾದದ ಒಲೆಯನ್ನು ಆರಿಸಿದೆಯೇ?

ಮೂರನೆಯ ಆಕ್ಷೇಪ ಮೆಲುದನಿಯಲ್ಲಿ ಬಂತು: "ಯಾರು ಏನೋ, ಯಾವ ಜಾತಿಯೋ, ಕುಡಿದವರೂ ಬರುತ್ತಾರೆ." ಇದನ್ನು ಕೇಳಿ ನಮಗಾದ ವ್ಯಥೆ ಅಷ್ಟಿಷ್ಟಲ್ಲ. ಹಳೆಯ ವಿದ್ಯಾರ್ಥಿಗಳೇ, ಪ್ರಸಾದನಿಲಯದಲ್ಲಿ ಒಂದೇ ಜಮಖಾನೆಯ ಮೇಲೆ ಸಾಲಾಗಿ ಮಲಗಿ ಬೆಳೆದವರು ನೀವು. ಪಕ್ಕದಲ್ಲಿ ಮಲಗಿದವನ ಕುಲವನ್ನು ಅಂದು ವಿಚಾರಿಸಿದ್ದಿರಾ? 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರ ದಾಸೋಹ ಅನ್ನ, ಅಕ್ಷರಗಳಿಗೆ ನಿಲ್ಲಲಿಲ್ಲ. ಆಶ್ರಯವೂ ಅದರಲ್ಲಿ ಸೇರಿತ್ತು, ಜಾತಿಮತಗಳ ಎಣಿಕೆ ಅಲ್ಲಿರಲಿಲ್ಲ. ಕುಡಿದವನಿಗೆ ಚಳಿ ಹೆಚ್ಚು ಅಪಾಯಕಾರಿ. ಮದ್ಯ ಮೈಯ ಶಾಖವನ್ನು ಬೇಗ ಕಳೆಯುತ್ತದೆ. ಅವನನ್ನು ಹೊರಗಟ್ಟುವುದು ಶೀಲವಲ್ಲ. ಗಲಾಟೆ ಮಾಡದಂತೆ ಬೇರೆ ಮೂಲೆಯಲ್ಲಿ ಮಲಗಿಸಿದರಾಯಿತು.

ಹಾಗೆಂದು ಬಾಗಿಲು ತೆರೆದ ಮಾತ್ರಕ್ಕೆ ಕಾರ್ಯ ಮುಗಿಯದು. 2010ರ ಆಗಸ್ಟಿನಲ್ಲಿ ಇದೇ ನಗರದ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಅನೇಕರು ಮೃತರಾದರು. ಸೂರು ಇತ್ತು, ಆರೈಕೆ ಇರಲಿಲ್ಲ. ಕಳೆದ ಜನವರಿಯಲ್ಲಿ ಕೆಂಪಾಪುರದ ಭಕ್ತರೊಬ್ಬರು ತಮ್ಮ ಕಟ್ಟಡದ ನೆಲ ಅಂತಸ್ತನ್ನು ಕೆಲವು ರಾತ್ರಿ ಬಿಟ್ಟುಕೊಟ್ಟಾಗ ನಾವು ಕಲಿತದ್ದು ಬಹಳ. ಹೊದಿಕೆಗಿಂತ ಹಾಸಿಗೆ ಮುಖ್ಯ. ಕೆಳಗೆ ರಟ್ಟು, ಅದರ ಮೇಲೆ ಚಾಪೆ ಇಲ್ಲದಿದ್ದರೆ ಚಳ್ಳಕೆರೆಯ ಕಂಬಳಿಯೂ ಸೋಲುತ್ತದೆ. ಒಳಗೆ ಅಗ್ಗಿಷ್ಟಿಕೆ ಕೂಡದು. ಮುಚ್ಚಿದ ಕೋಣೆಯ ಕೆಂಡದ ಹೊಗೆ ನಿದ್ದೆಯಲ್ಲೇ ಕೊಲ್ಲುತ್ತದೆ. ಹೆಂಗಸರಿಗೆ ಬೇರೆ ಕೋಣೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ದೀಪವಿರುವ ಶೌಚಾಲಯ ಇಲ್ಲದಿದ್ದರೆ ಅವರು ಬರುವುದೇ ಇಲ್ಲ. ಮೊದಲ ಎರಡು ರಾತ್ರಿ ಒಬ್ಬಳೂ ಬರಲಿಲ್ಲ; ತಪ್ಪು ನಮ್ಮದಾಗಿತ್ತು. ಕಂಬಳಿಗಳನ್ನು ಬಿಸಿಲಿಗೆ ಹಾಕದೆ, ಒಗೆಯದೆ ಕೈಯಿಂದ ಕೈಗೆ ದಾಟಿಸಿದರೆ ಕಜ್ಜಿ ಹರಡುತ್ತದೆ. ಒಗೆಯಲು ಯಾರೂ ಮುಂದೆ ಬರಲಿಲ್ಲ. ಮಡಿವಾಳ ಮಾಚಿದೇವರ ಜಯಂತಿಯನ್ನು ಮೆರವಣಿಗೆ ತೆಗೆದು ಆಚರಿಸುವವರ ನಡುವೆ ಹತ್ತು ಕಂಬಳಿ ಒಗೆಯಲು ಕೈಗಳಿಲ್ಲ!

ಕಂಬಳಿ ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವ ಸಮಾರಂಭಗಳಿಗೆ ಇನ್ನು ಮುಂದೆ ನಮ್ಮನ್ನು ಕರೆಯಬಾರದು. ಹಾಗೆ ಪಡೆದ ಕಂಬಳಿಯನ್ನು ಹಗಲೆಲ್ಲಾ ಹೊತ್ತು ತಿರುಗಲು ಕೂಲಿಯವನಿಗೆ ಸಾಧ್ಯವಿಲ್ಲ, ಇಟ್ಟುಹೋದರೆ ಸಂಜೆಗೆ ಇರುವುದಿಲ್ಲ.

ಬರುವ ಧನುರ್ಮಾಸಕ್ಕೆ ಯಲಹಂಕ, ಹೆಬ್ಬಾಳ, ಯಶವಂತಪುರದ ಕಡೆ ಸಭಾಭವನಗಳ ಕೀಲಿಕೈ ಇರುವ ಭಕ್ತರು ಕಾರ್ತಿಕ ಮುಗಿಯುವುದರೊಳಗೆ ಮಠದ ಕಾರ್ಯಾಲಯಕ್ಕೆ ಬರೆಯಬೇಕು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಕಾವಲಿರಲು ಇಬ್ಬರಂತೆ ಸರದಿ ಹಾಕಲಾಗುವುದು. ಮೊದಲ ರಾತ್ರಿಯ ಸರದಿಯಲ್ಲಿ ಒಂದು ಹೆಸರು ನಮ್ಮದು. ಇನ್ನೊಂದು ಜಾಗ ಖಾಲಿಯಿದೆ.